ನ್ಯಾಯಬೆಲೆ ಅಂಗಡಿಯ ಮ್ಯಾನಿಕ್ಯೂರ್

ಪಡಿತರ ಚೀಟಿಗೆ ಇ-ಕೆವೈಸಿ (ಮಿಷಿನ್ನಿಗೆ ಬೆರಳೊತ್ತಿ ಆಧಾರ್ ಗುರುತು ಖಾತ್ರಿ) ಮಾಡಿಸದಿದ್ದರೆ ಅಕ್ಕಿ ಬಂದ್ ಎಂಬ ಎಚ್ಚರಿಕೆ ಮತ್ತೆ ಬಂದಿದೆ, ಓದಿರುತ್ತೀರಿ. ಓದಲು ಬಾರದವರು ಆಗಲೇ ಸಾಲಿನಲ್ಲಿ ನಿಂತಿದ್ದಾರೆ. ಬಳ್ಳಾರಿಯ ನಮ್ಮ ಓಣಿಯ ಸಾಲಿನಲ್ಲಂತೂ ಈಗ ಅಕ್ಕಿಗಿಂತ ಸೌಂದರ್ಯದ ಮಾತೇ ಜಾಸ್ತಿ.

"ಯವ್ವಾ, ಬೆರಳು ತಗಳವಲ್ದು. ಸೋಪು ಹಚ್ಚಿ ತೊಳಕಂಡು, ಒಂಚೂರು ಎಣ್ಣಿ ತಿಕ್ಕಿ ನಾಳೆ ಬಾ."

"ಕೂಲಿ ಬಿಟ್ಟು ಬಂದೀನಪ್ಪ. ನಾಳೇನೂ ಇದೇ ಬೆರಳು, ಬೇರೇದು ಎಲ್ಲಿಂದ ತರ್ಲಿ?"

ಪ್ರಜೆಗಳ ಕೈಯ ಅಂದಚೆಂದಕ್ಕೆ ಇಷ್ಟು ತಲೆ ಕೆಡಿಸಿಕೊಂಡ ಆಡಳಿತವನ್ನು ನಾನಂತೂ ಕಂಡಿಲ್ಲ. ಪಾರ್ಲರಿನಲ್ಲಿ ಇದಕ್ಕೇ ನೂರಾರು ರೂಪಾಯಿ ಕೀಳುತ್ತಾರೆ. ಇಲ್ಲಿ ಸಲಹೆ ಪುಕ್ಕಟೆ, ಮಾಡಿಕೊಳ್ಳುವುದು ಮಾತ್ರ ನಿಮ್ಮ ಮನೆಯಲ್ಲಿ.

ಮ್ಯಾನಿಕ್ಯೂರ್, ಅಂದರೆ ಕೈ-ಉಗುರಿನ ಆರೈಕೆಯ ವಿಧಾನ ಬೇಕಿದ್ದರೆ ರೀಲ್ಸ್ ನೋಡಿ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಕೈ ನೆನೆಸಿ, ಆಮೇಲೆ ಆ ನೀರು ಚೆಲ್ಲಿ. ನಲ್ಲಿ ಯಾವತ್ತು ಬಿಡುತ್ತಾರೆಂದು ಕೊಡ ಸಾಲುಗಟ್ಟಿಸಿ ಕಾಯುವ ಊರಿನಲ್ಲಿ ಈ 'ಚೆಲ್ಲಿ' ಎಂಬುದು ಬಹಳ ಹಿತವಾಗಿ ಕೇಳುತ್ತದೆ. ಉಗುರು ತಿಕ್ಕುವ ಅರವನ್ನು ಒಂದೇ ದಿಕ್ಕಿಗೆ ಎಳೆಯಿರಿ. ಉಗುರಿನ ಬುಡದ ತೆಳು ಪೊರೆಯನ್ನು ಕತ್ತರಿಸಬೇಡಿ, ಸೋಂಕು ಒಳಗಿಳಿಯದಂತೆ ತಡೆಯುವುದೇ ಅದು. ಖರೆ ಮಾತು. ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಬಗ್ಗುವ ಹೆಂಗಸರಿಗೆ ಆ ಪೊರೆ ಉಳಿದಿದ್ದರೆ ಖಂಡಿತ ಕತ್ತರಿಸುತ್ತಿರಲಿಲ್ಲ. ಅವರ ಕೈ ಬೆಳಗಿನಿಂದ ಸಂಜೆತನಕ ಕೆಸರಿನಲ್ಲಿ ನೆನೆದಿರುತ್ತದೆ, ಆದರೂ ಮಿಷಿನ್ನಿಗೆ ಮೆಚ್ಚಿಗೆಯಾಗುವುದಿಲ್ಲ.

ಹಾಗೆ ನೋಡಿದರೆ ಬಳ್ಳಾರಿಗೆ ಮ್ಯಾನಿಕ್ಯೂರ್ ಹೊಸದೂ ಅಲ್ಲ. ನಾವು ಪ್ಯಾಂಟಿಗೆ ಮಾಡುತ್ತೇವೆ. ಇಲ್ಲಿನ ಜೀನ್ಸ್ ವಾಷಿಂಗ್ ಘಟಕದೊಳಗೊಮ್ಮೆ ಇಣುಕಿ: ನೆನೆಹಾಕುತ್ತಾರೆ, ಪ್ಯೂಮಿಸ್ ಕಲ್ಲಿನ ಜೊತೆ ಡ್ರಮ್ಮಿನಲ್ಲಿ ತಿರುಗಿಸುತ್ತಾರೆ (ಪಾರ್ಲರಿನವರು ಹಿಮ್ಮಡಿ ತಿಕ್ಕುವ ಕಲ್ಲಿನ ಜಾತಿಯದೇ), ಕೊನೆಗೆ ಮೆತ್ತಗಾಗಲು ಸಾಫ್ಟ್‌ನರ್. ನಿನ್ನೆ ಹೊಲಿದ ಪ್ಯಾಂಟು ಹತ್ತು ವರ್ಷ ಮೈಮುರಿದು ದುಡಿದಂತೆ ಕಾಣಬೇಕು. ಬಣ್ಣ ಹೋಗಬೇಕು, ತೊಡೆ ಸವೆಯಬೇಕು, ಮೊಣಕಾಲು ಹರಿದರೆ ಇನ್ನೂ ವಾಸಿ. ಸವೆದಷ್ಟೂ ರೇಟು. ಅದನ್ನು ಹೊಲಿದವನ, ತೊಳೆದವಳ ಹೆಬ್ಬೆರಳು ನಿಜವಾಗಿ ದುಡಿದು ಸವೆದರೆ ಮಾತ್ರ ಕೆಂಪು ಅಕ್ಷರದಲ್ಲಿ 'ಹೊಂದಾಣಿಕೆಯಾಗಿಲ್ಲ'. ಹರಿದ ಪ್ಯಾಂಟು ಮಾಲ್ ಸೇರುತ್ತದೆ, ಸವೆದ ಬೆರಳು ಮನೆಗೆ ವಾಪಸ್.

ಸರ್ಕಾರದ್ದೇ ಒಂದು ನೇಲ್ ಪಾಲಿಶ್ ಇದೆ, ಮರೆತಿದ್ದೆ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯ ಸರಕು, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಒಂದೇ ಕೋಟು, ಒಂದೇ ಬೆರಳು, ಬೇಸ್ ಕೋಟ್ ರಗಳೆಯಿಲ್ಲ. ಒಳಗಿರುವುದು ಸಿಲ್ವರ್ ನೈಟ್ರೇಟ್, ಹಾಗಾಗಿ ತಿಕ್ಕಿದರೆ ಹೋಗದು. ಉಗುರು ತಿಂಗಳಿಗೆ 3 ಮಿಲಿಮೀಟರಿನಂತೆ ಬೆಳೆದು ತಾನೇ ಹೊರದಬ್ಬಬೇಕು. ಅದನ್ನು ಹಚ್ಚುವ ದಿನ ಬೆರಳು ಒರಟಾಗಿದೆ, ಬಿರುಕು ಬಿಟ್ಟಿದೆ, ಎಣ್ಣೆ ತಿಕ್ಕಿ ನಾಳೆ ಬಾ ಎಂದು ಯಾವ ಮತಗಟ್ಟೆಯಲ್ಲೂ ನಾನು ಕೇಳಿಲ್ಲ. ನಡೆಯಲಾಗದಿದ್ದರೆ ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ.

ಬೆರಳಚ್ಚು ಹೊಂದದಿದ್ದರೆ ಪಡಿತರ ನಿರಾಕರಿಸಬೇಡಿ, ಬೇರೆ ದಾರಿಯಲ್ಲಿ ಗುರುತು ಖಾತ್ರಿ ಮಾಡಿಕೊಂಡು ಕೊಡಿ ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಕಣ್ಣಿನ ಪಾಪೆ ನೋಡಬಹುದು, ಮೊಬೈಲಿದ್ದರೆ ಒಟಿಪಿ. ಅಂಗಡಿಯವನಿಗೆ ಬೈದರೆ ಅವನು ಸರ್ವರ್ ತೋರಿಸುತ್ತಾನೆ, ಸರ್ವರ್ ಯಾರಿಗೆ ಬೈಯ್ಯಬೇಕೋ ಅವರು ಮೀಟಿಂಗಿನಲ್ಲಿರುತ್ತಾರೆ. ಆ ಮುದುಕಿಯನ್ನು ಸಾಲಿನಲ್ಲಿರುವ ಎಲ್ಲರೂ ಬಲ್ಲರು, ಅಂಗಡಿಯವನೂ ಬಲ್ಲ. ಬೆರಳು ಸವೆದದ್ದು ಯಾರ ಹೊಲದಲ್ಲಿ ಎಂಬುದೂ ಗೊತ್ತು. ಒಂದು ದಿನದ ಕೂಲಿ ಹೋಯಿತು, ನಾಳೆಯದೂ ಹೋಗುತ್ತದೆ. ಪುಸ್ತಕದಲ್ಲಿ ಹೆಸರು ಬರೆದುಕೊಂಡು ಅಕ್ಕಿ ತೂಗ್ರಪ್ಪ.