ೞ ಅಕ್ಷರಕ್ಕೆ ವಿಶ್ವಮಟ್ಟದ ನಾಮಕರಣ

2024ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಟೆಲಿಕಾಂ ಸ್ಟ್ಯಾಂಡರ್ಡ್‌ಗಳ ಜಾಗತಿಕ ಸಭೆ ನಡೆಯಿತಲ್ಲ, ಆವತ್ತಿನಿಂದ ನಮಗೆ ಜಂಬ ಸ್ವಲ್ಪ ಜಾಸ್ತಿಯಾಗಿದೆ. ಇನ್ನು ಜಗತ್ತಿಗೆ ನಿಯಮ ಹೇಳಿಕೊಡುವವರು ನಾವೇ ಅಂತೆ. ಸಂತೋಷ. ಹೇಳಿಕೊಡುವ ಮೊದಲು ನಮ್ಮ ೞ ಕಥೆ ಒಮ್ಮೆ ಕೇಳಿ.

ಪಂಪನ ಕಾಲದ ಅಕ್ಷರ ಇದು. ಆಗ 'ಏಳು' ಅನ್ನೋದನ್ನ 'ಏೞು' ಎಂದು ಬರೆಯುತ್ತಿದ್ದರು. ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಕಂಪ್ಯೂಟರಿಗಾಗಿ ಒಂದೊಂದು ನಂಬರು, ಹೆಸರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಇದರ ಅಧಿಕೃತ ಹೆಸರು ಏನು ಗೊತ್ತಾ? 'ಕನ್ನಡ ಲೆಟರ್ ಎಫ್‌ಎ'. ಹೌದು, ಫ್ಯಾನ್, ಫಾರಿನ್‌ನ ಫ! ಭಾರತದ ಲಿಪಿಗಳನ್ನೆಲ್ಲ ನಮ್ಮದೇ 1988ರ ಇಸ್ಕಿ (ಭಾರತೀಯ ಲಿಪಿಗಳಿಗೆ ನಾವೇ ಮಾಡಿಕೊಂಡಿದ್ದ ಕಂಪ್ಯೂಟರ್ ಸಂಕೇತಪಟ್ಟಿ) ಮಾದರಿ ನೋಡಿ ಒಂದೇ ಅಚ್ಚಿಗೆ ಹಾಕಿದ್ದರು. ದೇವನಾಗರಿಯಲ್ಲಿ ಫ಼ ಕೂತಿರುವ ಮನೆಗೆ ಸರಿಯಾಗಿ ಕನ್ನಡದಲ್ಲಿ ೞ ಕೂತಿದೆ. ಹೆಸರು ಬಹುಶಃ ಅಲ್ಲಿಂದಲೇ ಅಂಟಿತು. ಹಳಗನ್ನಡ ಓದಿದವರು ಒಬ್ಬರು ಪಕ್ಕದಲ್ಲಿದ್ದಿದ್ದರೆ ಒಂದು ನಿಮಿಷದ ಕೆಲಸ.

ತಿದ್ದಬಹುದಲ್ವಾ? ಆಗಲ್ಲ. ಒಮ್ಮೆ ಇಟ್ಟ ಹೆಸರು ಎಂದೆಂದಿಗೂ ಬದಲಾಗಬಾರದು, ಅದು ಯೂನಿಕೋಡ್ ಕಟ್ಟಳೆ. 2014ರ ನವೆಂಬರ್ 1ರಂದು ಒಂದೇ ಏಟಿಗೆ 12 ಊರುಗಳ ಹೆಸರು ಬದಲಿಸಿದ ನಮಗೆ ಇದು ಅರ್ಥವಾಗುವುದು ಕಷ್ಟ. ಪಕ್ಷಪಾತವೇನೂ ಇಲ್ಲ ಬಿಡಿ. ಇಂಗ್ಲಿಷಿನ 'ಬ್ರಾಕೆಟ್' ಪದವನ್ನೇ ಒಂದು ಕಡೆ ಕೆ, ಸಿ ಹಿಂದುಮುಂದಾಗಿ ಅಚ್ಚು ಹಾಕಿ, ಆ ತಪ್ಪನ್ನೂ ಇವತ್ತಿನವರೆಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಇಂಥವರಿಗೆಲ್ಲ ಪಕ್ಕದಲ್ಲಿ ಸರಿಯಾದ ಹೆಸರನ್ನು 'ಅಲಿಯಾಸ್' ಅಂತ ಬರೆಯುತ್ತಾರೆ. ಪಂಪನ ಅಕ್ಷರಕ್ಕೆ ಈಗ ಅಲಿಯಾಸ್ ಇದೆ. ರೌಡಿ ಶೀಟ್ ಒಂದು ಬಾಕಿ.

ಮನಸ್ಸು ಮಾಡಿದರೆ ನಾವೂ ಚುರುಕು. ರೂಪಾಯಿ ಚಿಹ್ನೆಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2010ರ ಜುಲೈನಲ್ಲಿ. ಅಕ್ಟೋಬರ್‌ಗೆ ಅದು ಯೂನಿಕೋಡ್ 6.0ರಲ್ಲಿ ಹಾಜರ್! ನಗುಮುಖದ ಹೇಲಿನ ಎಮೋಜಿ ಬಂದದ್ದೂ ಅದೇ ಆವೃತ್ತಿಯಲ್ಲೇ. ತುಳು-ತಿಗಳಾರಿ ಲಿಪಿ ಮಾತ್ರ 2024ರ ಸೆಪ್ಟೆಂಬರ್‌ವರೆಗೆ ಹೊರಗೇ ಕಾಯಿತು. ಅದಕ್ಕಾಗಿ ವರ್ಷಗಟ್ಟಲೆ ಪ್ರಸ್ತಾವ ಬರೆದು, ತಿದ್ದಿ, ಮತ್ತೆ ಬರೆದವರಿದ್ದಾರೆ. ಅವರ ಫ್ಲೆಕ್ಸ್ ಯಾವ ಸರ್ಕಲ್‌ನಲ್ಲೂ ನನಗೆ ಕಂಡಿಲ್ಲ.

ಸರಿ, ೞ ಹೋಗಲಿ. ಅದನ್ನು ಈಗ ಯಾರು ಬರೀತಾರೆ? ಆದರೆ ಯೂನಿಕೋಡ್ ಬಂದು 30 ವರ್ಷ ದಾಟಿದ ಮೇಲೂ ಎಷ್ಟೋ ಸರ್ಕಾರಿ ಸುತ್ತೋಲೆಗಳು ಯೂನಿಕೋಡ್ ಅಲ್ಲದ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ ಹಳೇ ಫಾಂಟಿನಲ್ಲೇ ಬರುತ್ತಿವೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿ ನೋಡಿ. ಕನ್ನಡ ಮಾಯ. ತಲೆ ಮೇಲೆ ಟೋಪಿ, ಕಾಲಿಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಹುಡುಕಿದರೆ ಸಿಗಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಗದ್ದಲ. ಕಣ್ಣು ಕಾಣದ ಹುಡುಗಿಯೊಬ್ಬಳು ತನ್ನ ಸ್ಕಾಲರ್‌ಶಿಪ್ಪಿನ ಆದೇಶ ಓದಿಸಿಕೊಳ್ಳಲು ಪಕ್ಕದ ಮನೆ ಬಾಗಿಲು ತಟ್ಟಬೇಕು. ನಾಚಿಕೆ ಆಗಬೇಕು ನಮಗೆ. ಇದನ್ನು ಸರಿಮಾಡಲು ಯಾವ ದೇಶದ ಓಟೂ ಬೇಡ, ಯಾವ ಸಮಿತಿಯೂ ಬೇಡ. ಯೂನಿಕೋಡ್‌ನಲ್ಲಿ ಟೈಪ್ ಮಾಡದ ಕಡತಕ್ಕೆ ಸಹಿ ಹಾಕಲ್ಲ ಅಂತ ಮೇಲಿನ ಸಾಹೇಬರು ಒಂದು ಮಾತು ಹೇಳಿದರೆ ಸಾಕು.

ಹೇಳಲ್ಲ.