ಒಬ್ಬರೇ ಇದ್ದ ಊರಿನ ಲೆಕ್ಕ: ಮೊನೋವೈ ಬಗ್ಗೆ ಸತ್ಯಾಂಶ

ಅಮೆರಿಕದ ನೆಬ್ರಾಸ್ಕ ರಾಜ್ಯದ ಮೊನೋವೈ ಎಂಬ ಹಳ್ಳಿಯನ್ನು ಜನರೆಲ್ಲ ಯಾವುದೋ ನಿಗೂಢ ಕಾರಣಕ್ಕೆ ತೊರೆದರು, ಒಬ್ಬ ಅಜ್ಜಿ ಮಾತ್ರ ಉಳಿದರು ಎಂಬರ್ಥದ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಒಬ್ಬರೇ ಉಳಿದದ್ದು ನಿಜ, ನಿಗೂಢತೆ ಮಾತ್ರ ಸುಳ್ಳು.

20ನೆಯ ಶತಮಾನದ ಆರಂಭದಲ್ಲಿ ರೈಲು ಮಾರ್ಗದೊಂದಿಗೆ ಬೆಳೆದ ಈ ಊರಿನಲ್ಲಿ 1930ರ ದಶಕದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಬೇಸಾಯಕ್ಕೆ ಯಂತ್ರಗಳು ಬಂದು ಸಣ್ಣ ಹಿಡುವಳಿಗಳು ದೊಡ್ಡವುಗಳಲ್ಲಿ ಸೇರುತ್ತಾ ಹೋದಂತೆ ಯುವಕರು ಕೆಲಸ ಹುಡುಕಿ ಹೊರಟರು. 1967ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು. 2000ರ ಜನಗಣತಿಯಲ್ಲಿ ಉಳಿದಿದ್ದವರು ಒಂದು ದಂಪತಿ, ಪತಿ ತೀರಿಕೊಂಡ ಮೇಲೆ 2010ರಲ್ಲಿ ಒಬ್ಬರೇ. ರಸ್ತೆ ಬದಿಯ ಹಸಿರು ಫಲಕದಲ್ಲೂ ಊರಿನ ಹೆಸರಿನ ಕೆಳಗೆ 1 ಎಂದಷ್ಟೇ ಬರೆದಿತ್ತು.

2020ರ ಪಟ್ಟಿಯಲ್ಲಿ 2 ಎಂದಿರುವುದನ್ನು ನೋಡಿ ‘ಅಜ್ಞಾತ ನಿವಾಸಿ’ಯ ಕಥೆ ಕಟ್ಟುವವರೂ ಇದ್ದಾರೆ. ವ್ಯಕ್ತಿಗಳ ಗುರುತು ಬಯಲಾಗದಿರಲೆಂದು ಆ ಗಣತಿಯಲ್ಲಿ ಸಣ್ಣ ಊರುಗಳ ಅಂಕಿಗಳನ್ನು ಉದ್ದೇಶಪೂರ್ವಕವಾಗಿ ತುಸು ಏರುಪೇರು ಮಾಡಲಾಗಿದೆ. ರಾಜ್ಯದ ಒಟ್ಟು ಸಂಖ್ಯೆಯನ್ನು ಮಾತ್ರ ಹಾಗೆ ಬದಲಿಸಿಲ್ಲ. ಒಂದು ಕೋಟಿಗೆ ಒಬ್ಬರು ಹೆಚ್ಚಾದರೆ ಯಾರ ಗಮನಕ್ಕೂ ಬಾರದು, ಒಬ್ಬರಿರುವಲ್ಲಿ ಊರೇ ಇಮ್ಮಡಿಯಾಗುತ್ತದೆ!

ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಜನಗಣತಿಯ ಅಂಕಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ವರ್ಷದ್ದನ್ನು ನೋಡದೆ ಹಲವು ದಶಕಗಳದ್ದನ್ನು ಪಕ್ಕಪಕ್ಕದಲ್ಲಿಟ್ಟು, ಜೊತೆಗಿರುವ ಟಿಪ್ಪಣಿಯನ್ನೂ ಓದಬೇಕು. ಬಳಿಕ ಸುತ್ತಲಿನ ಬಾಯ್ಡ್ ಕೌಂಟಿಯನ್ನು (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನೋಡಿದರೆ, 2010ರಲ್ಲಿ 2,099 ಇದ್ದ ಜನಸಂಖ್ಯೆ 2020ರಲ್ಲಿ 1,810ಕ್ಕೆ ಇಳಿದಿರುವುದು ಕಾಣುತ್ತದೆ.