ರೋಮ್‌ನಲ್ಲಿ ಅಪ್ಪಯ್ಯನ ತಪಾಸಣೆ

ರೋಮ್‌ಗೆ ಹೋಗುವವರು ಸ್ವಲ್ಪ ಇತಿಹಾಸ ಓದಿಕೊಂಡು ಹೋಗಬೇಕು ಅಂತಾರೆ. ನಾನು ಓದಿಕೊಂಡೇ ಹೋಗಿದ್ದೆ. ಆಗಸ್ಟಸ್, ನೀರೋ, ಹೇಡ್ರಿಯನ್, ಎಲ್ಲರ ಇಸವಿಯೂ ಬಾಯಿಪಾಠ. ಆದರೆ ಕೇಳುವವರು ಬೇಕಲ್ಲ? ಜೊತೆಗಿದ್ದವರು ಅಪ್ಪಯ್ಯ ಮತ್ತು ಆಯಿ. ಶಿರಸಿ ಕಡೆಯ ಅಡಿಕೆ ತೋಟದವರು ಊರು ನೋಡುವುದಿಲ್ಲ, ತಪಾಸಣೆ ಮಾಡುತ್ತಾರೆ. ಪಕ್ಕದವನ ತೋಟಕ್ಕೆ ಹೋದರೆ ಮೊದಲು ಬಾವಿ ಇಣುಕುವ ಹಾಗೆ, ಅಪ್ಪಯ್ಯ ರೋಮ್‌ನಲ್ಲೂ ಮೊದಲು ನೀರು ಹುಡುಕಿದ.

ಹುಡುಕುವ ಕಷ್ಟವೇನೂ ಇರಲಿಲ್ಲ. ರೋಮ್‌ನ ಬೀದಿಗಳಲ್ಲಿ ಸುಮಾರು 2,500 ಕುಡಿಯುವ ನೀರಿನ ನಲ್ಲಿಗಳಿವೆ. ಒಂದು ಕಬ್ಬಿಣದ ಗಿಡ್ಡ ಕಂಬ, ಅದಕ್ಕೊಂದು ಬಾಗಿದ ಕೊಳವೆ. 1874ರಿಂದ ಹಾಕುತ್ತಾ ಬಂದಿದ್ದಾರೆ. ಹಗಲು ರಾತ್ರಿ ಹರಿಯುತ್ತವೆ, ನಿಲ್ಲಿಸೋಣ ಅಂದರೆ ತಿರುಪೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ತೋಟಕ್ಕೆ ನೀರು ಹೊಂದಿಸಲು ಒದ್ದಾಡಿದ ಮನುಷ್ಯ ಇದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದುಂಟೇ?

“ನೀರು ಪೈಪಿನಲ್ಲಿ ನಿಂತರೆ ಕೆಡುತ್ತದೆ ಅಂತ ಬಿಟ್ಟಿದ್ದಾರೆ ಅಪ್ಪಯ್ಯ” ಎಂದೆ. ಅಷ್ಟರಲ್ಲಿ ಅವನು ಕೊಳವೆಯ ಬಾಯಿಗೆ ಅಂಗೈ ಒತ್ತಿಯಾಗಿತ್ತು. ಆ ಕೊಳವೆಯ ಮೇಲೆ ಒಂದು ಸಣ್ಣ ತೂತಿದೆ. ಕೆಳಗೆ ಮುಚ್ಚಿದರೆ ನೀರು ಅಲ್ಲಿಂದ ಚಿಮ್ಮುತ್ತದೆ. ಬಗ್ಗದೆ ಕುಡಿಯಲಿ ಅಂತ ಮಾಡಿದ ವ್ಯವಸ್ಥೆ. ಎದುರಿಗೆ ಬಿಳಿ ಅಂಗಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದ ಹಿರಿಯರೊಬ್ಬರಿಗೆ ಪೂರ್ತಿ ಅಭಿಷೇಕವಾಯಿತು. ಅವರು ಎರಡೂ ಕೈ ಆಡಿಸಿ ಇಟಾಲಿಯನ್‌ನಲ್ಲಿ ಏನೇನೋ ಹೇಳಿದರು. ನಾನು ಕೈಮುಗಿಯುತ್ತಾ ನಿಂತಿದ್ದೆ. ಅಪ್ಪಯ್ಯ ನನ್ನ ಕಡೆ ತಿರುಗಿ, “ಪ್ರೆಶರ್ ಚೆನ್ನಾಗಿದೆ ತಮಾ” ಎಂದ.

ಟ್ರೆವಿ ಕಾರಂಜಿಯಲ್ಲೂ ಇದೇ ಕಥೆ. ಜನರೆಲ್ಲ ಕಾರಂಜಿಗೆ ಬೆನ್ನು ಹಾಕಿ ನಾಣ್ಯ ಎಸೆಯುತ್ತಿದ್ದರು. ಅಪ್ಪಯ್ಯನಿಗೆ ನಾಣ್ಯ ಬೇಡ, ನೀರಿನ ಮೂಲ ಬೇಕು. ಕ್ರಿಸ್ತಪೂರ್ವ 19ರಲ್ಲಿ ಅಗ್ರಿಪ್ಪ ಅನ್ನುವವನು 20 ಕಿಲೋಮೀಟರ್ ದೂರದಿಂದ ಪಂಪು ಗಿಂಪು ಇಲ್ಲದೆ, ಬರೀ ಇಳಿಜಾರಿನ ಮೇಲೆ ನೀರು ತಂದ. ಆ ಕಾಲುವೆಯನ್ನು ಆಮೇಲೆ ರಿಪೇರಿ ಮಾಡಿದರು, ಈ ಕಾರಂಜಿಗೆ ಅದೇ ನೀರು ಅಂದೆ. ಅಪ್ಪಯ್ಯ ತುಂಬಾ ಹೊತ್ತು ಸುಮ್ಮನಿದ್ದ. ಅಳಿಯನನ್ನೂ ಆತ ಅಷ್ಟು ಮೆಚ್ಚಿ ನೋಡಿದ್ದು ನನಗೆ ನೆನಪಿಲ್ಲ.

ಕೊಲೋಸಿಯಂ ಬಗ್ಗೆ ಬರೆಯುವುದಿಲ್ಲ. ಫೋಟೊದಲ್ಲಿ ನೋಡಿದ ಹಾಗೇ ಇದೆ, ಬಿಸಿಲು ಮಾತ್ರ ಜಾಸ್ತಿ.

ಪ್ಯಾಂಥಿಯನ್ ಎಂಬ ಹಳೇ ರೋಮನ್ ದೇಗುಲಕ್ಕೆ ಹೋದ ದಿನ ಮಳೆ. ಬಾಗಿಲ ಮೇಲೆ ಅಗ್ರಿಪ್ಪ ಕಟ್ಟಿಸಿದ್ದು ಅಂತ ದೊಡ್ಡದಾಗಿ ಕೆತ್ತಿದ್ದಾರೆ. ಅವನು ಕಟ್ಟಿಸಿದ್ದು ಸುಟ್ಟುಹೋಗಿ, ಈಗಿರುವುದನ್ನು ಎರಡನೇ ಶತಮಾನದಲ್ಲಿ ಪೂರ್ತಿ ಮಾಡಿದವನು ಚಕ್ರವರ್ತಿ ಹೇಡ್ರಿಯನ್. ತನ್ನ ಹೆಸರು ಹಾಕದೆ ಹಳಬನ ಹೆಸರನ್ನೇ ಉಳಿಸಿದ. ಇದನ್ನು ಮಾತ್ರ ಅಪ್ಪಯ್ಯ ನಂಬಲಿಲ್ಲ. ನಮ್ಮೂರ ಬಸ್ ತಂಗುದಾಣದಲ್ಲಿ ಕೂರುವ ಕಟ್ಟೆಗಿಂತ ಶಾಸಕರ ಹೆಸರಿನ ಬೋರ್ಡೇ ಉದ್ದ.

ಒಳಗೆ ಹೋದರೆ 43 ಮೀಟರ್ ಅಗಲದ ಗುಮ್ಮಟ. ಒಳಗೆ ಒಂದು ಸರಳೂ ಇಲ್ಲದ ಕಾಂಕ್ರೀಟು, ಇವತ್ತಿಗೂ ಆ ಜಾತಿಯಲ್ಲಿ ಅದೇ ದೊಡ್ಡದು. ನಟ್ಟನಡುವೆ 8 ಮೀಟರ್‌ಗಿಂತ ಅಗಲದ ತೂತು. ಅದರಿಂದ ಮಳೆ ನೇರವಾಗಿ ಒಳಗೇ ಸುರಿಯುತ್ತಿದೆ. ಜಗತ್ತಿನ ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದಾರೆ. ಮಲೆನಾಡಿನವರಿಗೆ ಮಾಡು ಸೋರುವುದು ಅಂದರೆ ಮಾನ ಹೋಗುವ ವಿಷಯ.

“ಇಷ್ಟೆಲ್ಲ ಕಟ್ಟಿದವರಿಗೆ ಅಷ್ಟೊಂದು ಮುಚ್ಚಲಿಕ್ಕೆ ಎಂತ ಆಗಿತ್ತು?” ಆಯಿ ಕೇಳಿದಳು.

ಬೆಳಕಿಗೆ ಬಿಟ್ಟದ್ದು, ಮೇಲೆ ಭಾರವೂ ಕಡಿಮೆಯಾಗುತ್ತದೆ ಅಂತ ನಾನು ವಿವರಿಸುತ್ತಿದ್ದೆ. ತಿರುಗಿ ನೋಡಿದರೆ ಅಪ್ಪಯ್ಯ ಇಲ್ಲ. ಹಗ್ಗ ದಾಟಿ, ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅಲ್ಲಿ ನೀರು ಇಂಗಿ ಹೋಗಲು ಅಮೃತಶಿಲೆಯಲ್ಲಿ ಪುಟ್ಟ ಪುಟ್ಟ ತೂತುಗಳಿವೆ, ನೆಲಕ್ಕೂ ಕಣ್ಣಿಗೆ ಕಾಣದಷ್ಟು ಇಳಿಜಾರಿದೆ. ಅಪ್ಪಯ್ಯ ಒಂದು ತೂತಿಗೆ ಬೆರಳು ಹಾಕಿ ಕಸ ಕಟ್ಟಿದೆಯಾ ಅಂತ ನೋಡುತ್ತಿದ್ದ. ಕಾವಲಿನವನು ಓಡಿ ಬಂದ. ಆಚೆ ಗೋಡೆಯ ಹತ್ತಿರ ಚಿತ್ರಕಾರ ರಾಫೆಲ್‌ನ ಸಮಾಧಿ. ಎಲ್ಲರೂ ಅದನ್ನು ಬಿಟ್ಟು ನಮ್ಮನ್ನೇ ನೋಡಿದರು.

ಸ್ಪ್ಯಾನಿಷ್ ಮೆಟ್ಟಿಲುಗಳ ಹತ್ತಿರ ಸರದಿ ಆಯಿಯದು. ಹೆಸರು ಸ್ಪ್ಯಾನಿಷ್, 1720ರ ದಶಕದಲ್ಲಿ ಕಟ್ಟಲು ದುಡ್ಡು ಬಂದದ್ದು ಫ್ರೆಂಚ್ ರಾಜತಾಂತ್ರಿಕನೊಬ್ಬನ ಉಯಿಲಿನಿಂದ, ಇರುವುದು ಇಟಲಿಯಲ್ಲಿ. ಇಷ್ಟು ಹೇಳಿ ಮುಗಿಸುವುದರೊಳಗೆ ಆಯಿ ಮೆಟ್ಟಿಲ ಮೇಲೆ ಕೂತು ಅವಲಕ್ಕಿ ಡಬ್ಬಿ ಬಿಚ್ಚಿದ್ದಳು. ಪೀ ಎಂದು ಸೀಟಿ! 2019ರಿಂದ ಅಲ್ಲಿ ಕೂರುವುದೇ ಅಪರಾಧ, ಗಲೀಜು ಮಾಡಿದರೆ 400 ಯೂರೋವರೆಗೆ ದಂಡ. ಪೊಲೀಸಿನವನು ಹತ್ತಿರ ಬಂದು ಕೈಯಾಡಿಸಿದ. ಪಾಪ, ಹಸಿದಿದ್ದಾನೆ ಅಂದುಕೊಂಡ ಆಯಿ ಡಬ್ಬಿಯನ್ನು ಅವನ ಕಡೆ ಚಾಚಿದಳು. ಅವನು ಒಂದು ಕ್ಷಣ ಅವಲಕ್ಕಿ ನೋಡಿದ, ಒಂದು ಕ್ಷಣ ಆಯಿಯನ್ನು ನೋಡಿದ. ದಂಡ ಹಾಕಲಿಲ್ಲ. ಅವಲಕ್ಕಿಯನ್ನೂ ತಿನ್ನಲಿಲ್ಲ. ಆಯಿಗೆ ಬೇಜಾರಾದದ್ದು ಎರಡನೆಯದಕ್ಕೆ.

ಆಯಿಗೆ ರೋಮ್‌ನಲ್ಲಿ ಹಿಡಿಸಿದ್ದು ಒಂದೇ. ಸಾಂಟಾ ಮರಿಯಾ ಇನ್ ಕಾಸ್ಮೆಡಿನ್ ಚರ್ಚಿನ ಜಗಲಿಯಲ್ಲಿರುವ ಕಲ್ಲಿನ ಮುಖ. ಬಾಯೊಳಗೆ ಕೈ ಇಟ್ಟು ಸುಳ್ಳು ಹೇಳಿದರೆ ಕೈ ಕಚ್ಚುತ್ತದಂತೆ. ಅದು ಹಳೇ ಕಾಲದ ಚರಂಡಿ ಮುಚ್ಚಳ ಇರಬಹುದು ಅಂತಾರೆ. ಆಯಿಗೆ ಅದೆಲ್ಲ ಬೇಕಿರಲಿಲ್ಲ. “ಕೈ ಇಡಿ. ಸೊಸೈಟಿ ಸಾಲ ಎಷ್ಟಿದೆ ಹೇಳಿ” ಎಂದಳು. ಅಪ್ಪಯ್ಯನಿಗೆ ಆ ಕ್ಷಣದಲ್ಲೇ ಮಂಡಿನೋವು ಶುರುವಾಯಿತು.

ಕೊನೆಯ ರಾತ್ರಿ ಹೋಟೆಲಿನಲ್ಲಿ ಕಾಚೋ ಎ ಪೆಪೆ ತರಿಸಿದೆ. ಪಾಸ್ತಾ, ಕುರಿ ಹಾಲಿನ ಚೀಸ್, ಕಾಳುಮೆಣಸು, ಅಷ್ಟೇ. ಕುರಿ ಎಂದಿದ್ದೇ ಆಯಿ ಅವಲಕ್ಕಿಗೆ ವಾಪಸ್. ಅಪ್ಪಯ್ಯ ಮೆಣಸು ಬೀಸುವ ಡಬ್ಬಿಯ ಮುಚ್ಚಳ ತಿರುಗಿಸಿ ಕಾಳನ್ನು ಅಂಗೈಗೆ ಸುರಿಯಲು ಹೋದ. ಅರ್ಧ ಅಂಗೈಗೆ, ಅರ್ಧ ನೆಲಕ್ಕೆ. ಮಾಣಿ ಬಗ್ಗಿ ಆರಿಸುತ್ತಿದ್ದರೆ ಅಪ್ಪಯ್ಯ ಒಂದು ಕಾಳು ಕಚ್ಚಿ ಮುಖ ಸಿಂಡರಿಸಿದ. “ಹಗುರು ಕಾಳು. ಎಳೆಯದನ್ನೇ ಕೊಯ್ದಿದ್ದಾರೆ. ವಿಯೆಟ್ನಾಂನದ್ದೇ ಇರಬೇಕು.”

ನಾನು ಓದಿದ್ದಕ್ಕೆ ಕೊನೆಗೂ ಒಬ್ಬ ಗಿರಾಕಿ ಸಿಕ್ಕ. ಬೆಳಿಗ್ಗೆ ನಾವು ಅಲೆದ ಫೋರಂ ಎಂಬ ಹಳೇ ರೋಮ್‌ನ ಚೌಕದ ಪಕ್ಕದಲ್ಲೇ ಚಕ್ರವರ್ತಿ ಡೊಮಿಷಿಯನ್ ಮೆಣಸಿನ ಗೋದಾಮು ಕಟ್ಟಿಸಿದ್ದ ಅಂದೆ. ಮಾಲು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಅದರಲ್ಲೂ ಕೇರಳದ ಮುಜಿರಿಸ್ ಬಂದರಿನಿಂದ. ಬರೀ ಖಾರಕ್ಕಾಗಿ ಇಂಡಿಯಾತನಕ ಹೋಗಬೇಕಾ ಅಂತ ಪ್ಲಿನಿ ಎಂಬ ಪಂಡಿತ ಗೊಣಗಿದ್ದ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು ಎಷ್ಟೋ ಶತಮಾನ ಕಳೆದ ಮೇಲೆ. ಇನ್ನು 408ರಲ್ಲಿ ಅಲಾರಿಕ್ ಎಂಬ ಗಾಥ್ ಬುಡಕಟ್ಟಿನ ದೊರೆ ರೋಮ್‌ಗೆ ಮುತ್ತಿಗೆ ಹಾಕಿ, ಬಿಟ್ಟು ಹೋಗಲು ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಕಾಳುಮೆಣಸು ಕೇಳಿದ್ದ.

“ಕ್ವಿಂಟಲ್ ಲೆಕ್ಕದಲ್ಲಿ ಹೇಳು.”

“ಸುಮಾರು ಹತ್ತು.”

“ಕೊಟ್ಟರಾ?”

“ಕೊಟ್ಟರು. ಆದರೂ 410ರಲ್ಲಿ ಮತ್ತೆ ಬಂದು ಊರನ್ನೇ ಲೂಟಿ ಮಾಡಿದ.”

ಅಪ್ಪಯ್ಯ ಅಂಗೈಯ ಕಾಳನ್ನು ಮಾಣಿಗೆ ಒಪ್ಪಿಸುತ್ತಾ ಹೇಳಿದ: “ಬರದೆ ಇರ್ತಾನಾ? ಅಷ್ಟು ದೊಡ್ಡ ಸೈನ್ಯಕ್ಕೆ ಹತ್ತು ಕ್ವಿಂಟಲ್ ಎಷ್ಟು ದಿನ ಬರ್ತದೆ?”